ಮಂಗನ ಕಾಯಿಲೆ: ಸಂಘದ ಪಾಲೇನು?

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಹಲವರನ್ನು ಬಲಿ ತೆಗೆದುಕೊಂಡಿತು. ಉಣುಗಿನ ಕಡಿತದಿಂದ ಬರುವ ಈ ಜ್ವರದ ಕಾಟ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಸೊಪ್ಪು-ದರಕಿಗಾಗಿ ನಾವೂ ನಮ್ಮ ಆಳುಗಳೂ ಬೆಟ್ಟ ಹತ್ತುವುದು ಆಗಲೇ. ಹೀಗಿರುವಾಗ ಎಲ್ಲವನ್ನೂ ಆಶಾ ಕಾರ್ಯಕರ್ತೆಯ ತಲೆಗೆ ಕಟ್ಟಿ ಕೂರುವುದು ನ್ಯಾಯವಲ್ಲ.

ಮೈಲುತುತ್ತ ಮಾರುವ ಸಂಘದಲ್ಲೇ ಆರೋಗ್ಯ ಇಲಾಖೆ ಕೊಡುವ ಉಣುಗು ತಡೆಯುವ ತೈಲವೂ ಸಿಗುವಂತಾಗಬೇಕು. ಮಂಗ ಸತ್ತರೆ ಯಾರೂ ಮುಟ್ಟದಂತೆ ನೋಡಿಕೊಂಡು, ಅದೇ ದಿನ ಪಂಚಾಯಿತಿಗೂ ಆರೋಗ್ಯ ಕೇಂದ್ರಕ್ಕೂ ಸುದ್ದಿ ಮುಟ್ಟಿಸಲು ಊರಿಗೊಬ್ಬ ಸದಸ್ಯರು ಹೊಣೆ ಹೊರಬೇಕು. ಜ್ವರವೆಂದು ಆಸ್ಪತ್ರೆಗೆ ಹೋದ ಆಳಿನ ಆ ದಿನದ ಕೂಲಿಯನ್ನು ನಾವು ಮುರಿಯಬಾರದು.

ಕೊಳೆ ಹಿಡಿದ ಮೇಲೆ ಬೋರ್ಡೋ ಹೊಡೆದರೆ ಉದುರಿದ ಅಡಿಕೆ ಮರ ಏರದು. ಇದನ್ನು ಬಲ್ಲ ಬೆಳೆಗಾರರಿಗೆ ಹೆಚ್ಚು ಹೇಳಬೇಕಿಲ್ಲ.