ಜೋಶಿ ಎಂಬ ಎರಡಕ್ಷರ

ಜೋಶಿ ಎಂಬ ಹೆಸರು ಸಂಸ್ಕೃತದ ಜ್ಯೋತಿಷಿ ಪ್ರಾಕೃತದ ಬಾಯಲ್ಲಿ ಸವೆದು ಉಳಿದ ರೂಪ. ಊರಿಗೆ ಪಂಚಾಂಗ ಓದಿ ಹೇಳುವುದು, ಮದುವೆ ಮುಂಜಿಗೆ ಮುಹೂರ್ತ ಇಟ್ಟುಕೊಡುವುದು ಜೋಶಿಯ ಕೆಲಸವಾಗಿತ್ತು. ಕುಲಕರ್ಣಿ, ದೇಸಾಯಿ, ದೇಶಪಾಂಡೆ ಎಂಬವುಗಳಂತೆ ಇದೂ ವೃತ್ತಿಯಿಂದ ಹುಟ್ಟಿ ಮನೆತನಕ್ಕೆ ಅಂಟಿಕೊಂಡ ಅಡ್ಡಹೆಸರು. ಊರೂರಿಗೂ ಒಬ್ಬ ಜೋಶಿ ಇದ್ದುದರಿಂದ ಜೋಶಿಗಳೆಲ್ಲ ಒಂದೇ ಬಳಗದವರಲ್ಲ. ಹಳೆಯ ಮೈಸೂರು ಮತ್ತು ಮಲೆನಾಡಿನಲ್ಲಿ ಅದೇ ಮಾತು ಜೋಯಿಸ ಎಂದಾಗಿದೆ. ಅಷ್ಟಾಂಗ ಯೋಗವನ್ನು ಮೈಸೂರಿನಿಂದ ಹೊರದೇಶಗಳಿಗೆ ಮುಟ್ಟಿಸಿದ ಕೆ. ಪಟ್ಟಾಭಿ ಜೋಯಿಸ್, ನ್ಯಾಯಮೂರ್ತಿಯಾಗಿದ್ದು ಮುಂದೆ ರಾಜ್ಯಪಾಲರಾದ ಎಂ. ರಾಮಾ ಜೋಯಿಸ್ ಅವರದು ಈ ಕವಲು.

ಆದರೆ ಈ ಹೆಸರು ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಹಳೆಯ ಧಾರವಾಡ ಜಿಲ್ಲೆಯಿಂದ. 1997ರಲ್ಲಿ ಅದರಿಂದ ಬೇರೆಯಾದ ಗದಗ ಜಿಲ್ಲೆಯೊಂದರಲ್ಲೇ ಸಂಗೀತ, ಕ್ರಿಕೆಟ್, ರಾಜಕಾರಣ ಮೂರಕ್ಕೂ ಒಬ್ಬೊಬ್ಬ ಜೋಶಿ ಸಿಗುತ್ತಾರೆ.

ಮೊದಲಿಗೆ ಭೀಮಸೇನ ಜೋಶಿ. 1922ರಲ್ಲಿ ರೋಣದಲ್ಲಿ ಹುಟ್ಟಿದ ಅವರು ಇನ್ನೂ ಹನ್ನೊಂದು ವರ್ಷದವರಿದ್ದಾಗ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಎಂದು ಉತ್ತರವೆಲ್ಲ ಅಲೆದದ್ದಾಯಿತು. ಕೊನೆಗೆ ಗುರು ದೊರೆತದ್ದು ಮನೆಗೆ ಹತ್ತಿರದ ಕುಂದಗೋಳದಲ್ಲಿ. ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು, ಸೇವೆ ಮಾಡಿ ಕಲಿತ ಕಿರಾಣಾ ಘರಾಣೆಯ ಗಾಯನಶೈಲಿಗೆ ಅವರು ತಮ್ಮದೇ ಗುಡುಗು ಕೂಡಿಸಿದರು. ಗುರುವಿನ ನೆನಪಿಗೆ ಪುಣೆಯಲ್ಲಿ 1953ರಿಂದ ಅವರು ನಡೆಸಿಕೊಂಡು ಬಂದ ಉತ್ಸವ ಇಂದಿಗೂ ನಡೆಯುತ್ತಿದೆ. ಮರಾಠಿಗರಿಗೆ ಅವರು ಅಭಂಗಗಳ ದನಿ, ಕನ್ನಡಿಗರಿಗೆ ದಾಸರ ಪದಗಳ ದನಿ. ಎರಡು ಭಾಷೆಯವರೂ ಒಬ್ಬ ಗಾಯಕನನ್ನು ಇಷ್ಟು ಹಕ್ಕಿನಿಂದ ನಮ್ಮವರೆನ್ನುವುದು ಅಪರೂಪ. 2008ರಲ್ಲಿ ಅವರಿಗೆ ಭಾರತ ರತ್ನ ಘೋಷಣೆಯಾಯಿತು.

ಸುನಿಲ್ ಜೋಶಿ ಗದಗಿನವರು. ಟರ್ಫ್ ಮೈದಾನಗಳೆಲ್ಲ ಬೆಂಗಳೂರಿನ ಕಡೆಗಿದ್ದ ಕಾಲದಲ್ಲಿ ಹುಡುಗನಾಗಿ ಬೆಳಗಿನ ಅಭ್ಯಾಸಕ್ಕೆ ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. 1995-96ರ ರಣಜಿಯಲ್ಲಿ ಐನೂರಕ್ಕೂ ಹೆಚ್ಚು ರನ್, ಐವತ್ತಕ್ಕೂ ಹೆಚ್ಚು ವಿಕೆಟ್ ಗಳಿಸಿದರು. ಆ ವರ್ಷ ಕರ್ನಾಟಕ ಟ್ರೋಫಿ ಗೆದ್ದಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ ಅವರ ಎಡಗೈ ಸ್ಪಿನ್ನಿನ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಮರುವರ್ಷ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟಿನಲ್ಲಿ ಪಂದ್ಯಶ್ರೇಷ್ಠರಾದವರೂ ಅವರೇ. ಕುಂಬ್ಳೆಯ ಕಾಲದಲ್ಲಿ ಆಡಿದ್ದರಿಂದ ಅವರಿಗೆ ಸಲ್ಲಬೇಕಾದಷ್ಟು ಮಾತು ಸಂದಿಲ್ಲ; 15 ಟೆಸ್ಟ್, 69 ಏಕದಿನ ಪಂದ್ಯಗಳು ಸಣ್ಣ ಸಾಧನೆಯಲ್ಲ.

ರಾಜಕಾರಣದಲ್ಲಿ ಮೊದಲು ಬರುವವರು ನರಗುಂದದ ಜಗನ್ನಾಥರಾವ್ ಜೋಶಿ. ಜನಸಂಘದ ಈ ನಾಯಕರು 1955ರ ಗೋವಾ ಸತ್ಯಾಗ್ರಹದಲ್ಲಿ ಸೆರೆಯಾದರು; 1967ರಲ್ಲಿ ಲೋಕಸಭೆಗೆ ಆರಿಸಿ ಬಂದದ್ದು ದೂರದ ಭೋಪಾಲದಿಂದ. ವಿಜಯಪುರದಲ್ಲಿ ಹುಟ್ಟಿದ ಪ್ರಲ್ಹಾದ ಜೋಶಿ 2004ರಿಂದ ಧಾರವಾಡ ಸೀಮೆಯ ಸಂಸದರು. ಸವಾಯಿ ಗಂಧರ್ವರ ಕುಂದಗೋಳ ಇರುವುದು ಇದೇ ಲೋಕಸಭಾ ಕ್ಷೇತ್ರದಲ್ಲಿ.

ಸಾಹಿತ್ಯವನ್ನು ಬಿಟ್ಟರೆ ಈ ಪಟ್ಟಿ ಊನವಾಗುತ್ತದೆ. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಕಟ್ಟಿ, ಕನ್ನಡದ ಎಷ್ಟೋ ದೊಡ್ಡ ಲೇಖಕರ ಪುಸ್ತಕಗಳನ್ನು ಹೊರತಂದ ಜಿ.ಬಿ. ಜೋಶಿ ‘ಜಡಭರತ’ ಎಂಬ ಹೆಸರಿನಲ್ಲಿ ನಾಟಕ ಬರೆದರು. ಓದುಗರಿಗೆ ಅವರು ಜಡಭರತರು, ಲೇಖಕರಿಗೆ ಜಿ.ಬಿ.

ಕರ್ನಾಟಕದ ಆಚೆಗೂ ಈ ಹೆಸರು ಹಬ್ಬಿದೆ. ಕುಮಾವೂಂ ಮನೆತನದ ಮುರಳಿ ಮನೋಹರ ಜೋಶಿ ಕೇಂದ್ರ ಸಚಿವರಾಗಿದ್ದರು. ಮನೋಹರ ಜೋಶಿ ಮಹಾರಾಷ್ಟ್ರದ ಮುಖ್ಯಮಂತ್ರಿ, ಬಳಿಕ ಲೋಕಸಭಾಧ್ಯಕ್ಷರಾದರು. ಗುಜರಾತಿನ ಕವಿ ಉಮಾಶಂಕರ ಜೋಶಿಯವರು 1967ರ ಜ್ಞಾನಪೀಠ ಪ್ರಶಸ್ತಿಯನ್ನು ಹಂಚಿಕೊಂಡದ್ದು ಕುವೆಂಪು ಅವರೊಂದಿಗೆ.