‘ಬಡವರಿಗೆ ಮಾತ್ರ’ ಎಂಬ ಬಲೆ

ಸರಕಾರಿ ವೈದ್ಯದ ಮಾತೆತ್ತಿದರೆ ಸಾಕು, ಎರಡು ಉತ್ತರಗಳು ಸಿದ್ಧವಾಗಿ ಎದುರು ಬಂದು ನಿಲ್ಲುತ್ತವೆ. ಪುಕ್ಕಟೆ ಕೊಟ್ಟರೆ ಬೊಕ್ಕಸ ಬರಿದಾಗುತ್ತದೆ ಎಂಬುದು ಒಂದು. ಕೊಡುವುದೇ ಆದರೆ ಕಡುಬಡವರಿಗೆ ಮಾತ್ರ ಕೊಡಿ, ಗಿರಣಿಯಲ್ಲಿ ತಿಂಗಳ ಪಗಾರ ಎಣಿಸುವವನಿಗೆ, ಅಂಗಡಿ ಇಟ್ಟುಕೊಂಡವನಿಗೆ ಏಕೆ ಎಂಬುದು ಇನ್ನೊಂದು. ಮೊದಲನೆಯ ಮಾತನ್ನು ಆಡುವವರು ಯಾರೆಂದು ನಮಗೆ ಗೊತ್ತು. ಅದಕ್ಕೆ ನಮ್ಮ ವಾಚಕರು ಮರುಳಾಗುವುದಿಲ್ಲ. ಎರಡನೆಯದೇ ಅಪಾಯದ್ದು. ಅದು ದಯೆಯ ವೇಷ ಹಾಕಿಕೊಂಡು ಬರುತ್ತದೆ. ನಮ್ಮವರೇ ಕೆಲವರು ಅದಕ್ಕೆ ತಲೆದೂಗುವುದನ್ನು ನೋಡಿದ್ದೇವೆ.

ಈ ಮಾತು ಹೊಸತಲ್ಲ. 1911ರಿಂದ 1948ರ ವರೆಗೆ ಬ್ರಿಟನ್ನಿನ ವೈದ್ಯವ್ಯವಸ್ಥೆ ಇದೇ ಮಾತಿನ ಮೇಲೆ ನಿಂತಿತ್ತು. ಅದನ್ನು ಮುರಿದವರು ಕಲ್ಲಿದ್ದಲ ಗಣಿಯಿಂದ ಮೇಲೆದ್ದು ಬಂದ ಒಬ್ಬ ಸಮಾಜವಾದಿ ಮಂತ್ರಿ, ಅನೈರಿನ್ ಬೆವನ್. ಅವರು ಅದನ್ನು ಯಾರ ಬಲದಿಂದ ಮುರಿದರು, ಯಾವ ಬೆಲೆ ತೆತ್ತರು ಎಂಬುದನ್ನು ಗಿರಣಿಯ ಕಾರ್ಮಿಕನೂ ಪೇಟೆಯ ಚಿಲ್ಲರೆ ವರ್ತಕನೂ ಕೂಡಿ ಕೂತು ಓದಬೇಕೆಂದು ನಮ್ಮ ಆಸೆ.

1911ರಲ್ಲಿ ಲಾಯ್ಡ್ ಜಾರ್ಜರು ವಿಮೆಯ ಕಾನೂನು ತಂದರು. ಕೂಲಿಗಾರ ವಾರಕ್ಕೆ 4 ಪೆನ್ಸ್ ಕೊಡಬೇಕು, ಮಾಲೀಕ 3, ಸರಕಾರ 2. ನಾಲ್ಕಕ್ಕೆ ಒಂಬತ್ತು ಬರುತ್ತದೆಂದು ಡಂಗುರ ಹೊಡೆಯಲಾಯಿತು. ಬಂತು ನಿಜ, ಯಾರಿಗೆ ಬಂತು? ಪಟ್ಟಿಯಲ್ಲಿ ಹೆಸರಿದ್ದ ಕೂಲಿಗಾರನಿಗೆ ಡಾಕ್ಟರು ಸಿಕ್ಕರು. ಅವನ ಹೆಂಡತಿಗೆ ಸಿಗಲಿಲ್ಲ. ಮಕ್ಕಳಿಗೆ ಸಿಗಲಿಲ್ಲ. ಕ್ಷಯರೋಗವೊಂದನ್ನು ಬಿಟ್ಟರೆ ಆಸ್ಪತ್ರೆಯ ಹಾಸಿಗೆ ಆ ವಿಮೆಯಲ್ಲಿ ಇರಲೇ ಇಲ್ಲ. ಬೀದಿಯ ಮೂಲೆಯಲ್ಲಿ ಸ್ವಂತ ಅಂಗಡಿ ನಡೆಸುವವನು ಬಹುಮಟ್ಟಿಗೆ ಕಾನೂನಿನ ಹೊರಗೇ ಉಳಿದ. ಕಾಯಿಲೆ ಬಿದ್ದರೆ ಅವನಿಗಿದ್ದ ದಾರಿ ಎರಡು. ಶ್ರೀಮಂತರ ದಾನದಿಂದ ನಡೆಯುವ ಆಸ್ಪತ್ರೆಗೆ ಹೋದರೆ ಅಲ್ಲಿ ಆದಾಯ ವಿಚಾರಿಸುವುದಕ್ಕೆಂದೇ ನೇಮಿಸಿದ ಒಬ್ಬಾಕೆ ಕೂತಿರುತ್ತಿದ್ದಳು. ಮನೆಯ ಲೆಕ್ಕವನ್ನೆಲ್ಲ ಆಕೆಯ ಮುಂದೆ ಬಿಚ್ಚಿಡಬೇಕು. ಇಲ್ಲವೇ ಪೌರಸಭೆಯ ಆಸ್ಪತ್ರೆ. ಅವುಗಳಲ್ಲಿ ಎಷ್ಟೋ ಬಡವರನ್ನು ದುಡಿಸುತ್ತಿದ್ದ ಹಳೆಯ ವರ್ಕ್‌ಹೌಸುಗಳ ಗೋಡೆಯೊಳಗೇ ನಡೆಯುತ್ತಿದ್ದವು. ಧರ್ಮಕ್ಕೆ ಅನರ್ಹ, ಫೀಜಿಗೆ ಅಸಮರ್ಥ: ಇದು ಆ ಅಂಗಡಿಕಾರನ ಸ್ಥಿತಿ. ನಮ್ಮ ಪೇಟೆಯ ಬಂಧುಗಳಿಗೆ ಇದರಲ್ಲಿ ತಮ್ಮ ಮುಖ ಕಾಣದಿದ್ದರೆ ಆಶ್ಚರ್ಯ.

ಬೆವನ್ 1897ರಲ್ಲಿ ವೇಲ್ಸ್ ನಾಡಿನ ಟ್ರೆಡಿಗರ್ ಎಂಬ ಗಣಿಯೂರಿನಲ್ಲಿ ಹುಟ್ಟಿದರು. 13ರ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದರು. ಅವರ ತಂದೆ ಜೀವಮಾನವೆಲ್ಲ ಗಣಿಯಲ್ಲಿ ದುಡಿದು, ಶ್ವಾಸಕೋಶದ ತುಂಬ ಕಲ್ಲಿದ್ದಲ ದೂಳು ತುಂಬಿಕೊಂಡು, 1925ರಲ್ಲಿ ಮಗನ ತೋಳಿನಲ್ಲೇ ಪ್ರಾಣ ಬಿಟ್ಟರು. ಆ ರೋಗ ಆಗ ಪರಿಹಾರದ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಕಂಪನಿ ಒಂದು ಕಾಸೂ ಕೊಡಬೇಕಾಗಲಿಲ್ಲ. ಹತ್ತಿಯ ದೂಳು ನುಂಗಿ ಕೆಮ್ಮುವ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ಊರಿನಲ್ಲಿ ಇನ್ನೊಂದು ವಸ್ತುವಿತ್ತು. ಗಣಿಗಾರರು 1890ರ ಸುಮಾರಿಗೆ ತಾವೇ ಕಟ್ಟಿಕೊಂಡ ವೈದ್ಯಸಹಾಯ ಸಂಘ. ಪ್ರತಿಯೊಬ್ಬನೂ ತನ್ನ ಪಗಾರದ ಪೌಂಡಿಗೆ 3 ಪೆನ್ಸಿನಂತೆ ಹಾಕುತ್ತಿದ್ದ. ಆಗಿನ ಪೌಂಡಿಗೆ 240 ಪೆನ್ಸು. ಎಂದರೆ ನೂರು ರೂಪಾಯಿಗೆ ಒಂದೂಕಾಲು ರೂಪಾಯಿ ಲೆಕ್ಕ. ಆ ಹಣದಲ್ಲಿ ಸಂಘ ಡಾಕ್ಟರುಗಳನ್ನು ನೇಮಿಸಿಕೊಂಡಿತು, ಹಲ್ಲಿನ ವೈದ್ಯರನ್ನು ಇಟ್ಟುಕೊಂಡಿತು, ಔಷಧ ಕೊಟ್ಟಿತು. ಹೆಂಡತಿ ಮಕ್ಕಳಿಗೂ ಅದೇ ಡಾಕ್ಟರು. ಗಣಿಯಲ್ಲಿ ದುಡಿಯದ ಊರವರೂ ವರ್ಷದ ಚಂದಾ ಕೊಟ್ಟು ಸೇರಬಹುದಿತ್ತು. ಹೀಗೆ ಅಂಗಡಿಕಾರನೂ ಗಣಿಗಾರನೂ ಒಂದೇ ದವಾಖಾನೆಯ ಬಾಗಿಲಲ್ಲಿ ಕೂತರು. ಬೆವನ್ ಆ ಊರಿನ ಆಸ್ಪತ್ರೆಯ ಸಮಿತಿಯಲ್ಲಿ ಕೂತು ಲೆಕ್ಕಪತ್ರ ನೋಡಿ ಕಲಿತವರು. ಮಂತ್ರಿಯಾದ ಮೇಲೆ ದೇಶವನ್ನೆಲ್ಲ ಟ್ರೆಡಿಗರ್ ಮಾಡುತ್ತೇನೆ ಎಂಬರ್ಥದ ಮಾತನ್ನು ಅವರು ಆಡಿದ್ದು ಸುಮ್ಮನೆ ಅಲ್ಲ. ಬ್ರಿಟನ್ನಿನ ಆರೋಗ್ಯಸೇವೆ ಯಾವನೋ ಪುಣ್ಯಾತ್ಮ ಮಂತ್ರಿ ಮೇಲಿನಿಂದ ಸುರಿದ ವರವೆಂದು ಬರೆಯುವ ಪತ್ರಿಕೆಗಳು ಈ ಸಂಘದ ಹೆಸರನ್ನೇ ಎತ್ತುವುದಿಲ್ಲ.

ಹಾಗಾದರೆ ಬೆವನ್ನರು ಮಾಡಿದ್ದೇನು? ಇದೆಲ್ಲ ಬೆವರಿಜ್ಜರ 1942ರ ವರದಿಯಲ್ಲಿಯೇ ಇತ್ತು, ಇವರು ಸಹಿ ಹಾಕಿದರಷ್ಟೇ ಎನ್ನುವ ಪಂಡಿತರೂ ಇದ್ದಾರೆ. ಸ್ವಾಮೀ, ವರದಿ ನಮ್ಮಲ್ಲೂ ಇತ್ತು! ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿಯೇ, ಹಣ ಕೊಡಲಾರನೆಂಬ ಕಾರಣಕ್ಕೆ ಯಾವನಿಗೂ ಚಿಕಿತ್ಸೆ ತಪ್ಪಕೂಡದೆಂದು ಬರೆದಿಟ್ಟಿತು. ಅದಕ್ಕೊಬ್ಬ ಬೆವನ್ ಸಿಗಲಿಲ್ಲ. ಅದು ಕಪಾಟು ಸೇರಿತು. 

1945ರಲ್ಲಿ ಲೇಬರ್ ಪಕ್ಷ ಗೆದ್ದು ಆಟ್ಲಿಯವರು ಪ್ರಧಾನಿಯಾದಾಗ ಬೆವನ್ ಆರೋಗ್ಯ ಮಂತ್ರಿಯಾದರು. ಮಂತ್ರಿಮಂಡಲದಲ್ಲೇ ಕಿರಿಯರು, 47 ವರ್ಷ. ಮೊದಲ ಜಗಳ ಸ್ವಪಕ್ಷದೊಳಗೇ. ಆಸ್ಪತ್ರೆಗಳನ್ನು ಪೌರಸಭೆಗಳ ಕೈಯಲ್ಲೇ ಬಿಡಬೇಕೆಂದು ಹರ್ಬರ್ಟ್ ಮಾರಿಸನ್ ಪಟ್ಟು ಹಿಡಿದರು. ಹಾಗೆ ಬಿಟ್ಟರೆ ಸಿರಿವಂತ ಊರಿಗೆ ಒಳ್ಳೆಯ ಆಸ್ಪತ್ರೆ, ಬಡ ಊರಿಗೆ ಹರಕು ಆಸ್ಪತ್ರೆ ಎಂದಾಗುತ್ತದೆಂದು ಬೆವನ್ ವಾದಿಸಿ ಗೆದ್ದರು. ದಾನದ ಆಸ್ಪತ್ರೆ, ಪೌರಸಭೆಯ ಆಸ್ಪತ್ರೆ ಎಂಬ ಭೇದವಿಲ್ಲದೆ ಇಂಗ್ಲೆಂಡ್ ಮತ್ತು ವೇಲ್ಸಿನ 2,600ಕ್ಕೂ ಹೆಚ್ಚು ಆಸ್ಪತ್ರೆಗಳು ರಾಷ್ಟ್ರದ ಸ್ವತ್ತಾದವು. ಖರ್ಚು ಬಹುಪಾಲು ತೆರಿಗೆಯಿಂದ. ಕಾರ್ಡು ಕೇಳುವುದಿಲ್ಲ, ಆದಾಯ ಕೇಳುವುದಿಲ್ಲ. ಆ ನೆಲದ ಮೇಲೆ ಇರುವವರೆಲ್ಲರಿಗೂ ಚಿಕಿತ್ಸೆ. ಚರ್ಚಿಲ್ಲರ ಪಕ್ಷ 1946ರಲ್ಲಿ ಈ ಮಸೂದೆಯ ಎರಡನೆಯ ವಾಚನದಲ್ಲೂ ಮೂರನೆಯ ವಾಚನದಲ್ಲೂ ವಿರುದ್ಧ ಓಟು ಹಾಕಿತು. ಇದನ್ನು ನೆನಪಿಡಬೇಕು, ಏಕೆಂದರೆ ಆ ಪಕ್ಷದವರು ಈಗ ಇದನ್ನು ಮರೆತಂತೆ ಮಾತಾಡುತ್ತಾರೆ.

ಆಮೇಲೆ ಎದ್ದವರು ಡಾಕ್ಟರುಗಳು. ಅಲ್ಲಿಯ ಊರ ಡಾಕ್ಟರು ತನ್ನ ದವಾಖಾನೆಯನ್ನು ಹಿಂದಿನವನಿಂದ ಹಣ ಕೊಟ್ಟು ಕೊಳ್ಳುತ್ತಿದ್ದ, ಮುದುಕನಾದಾಗ ಮುಂದಿನವನಿಗೆ ಮಾರುತ್ತಿದ್ದ. ಪೇಟೆಯಲ್ಲಿ ಅಂಗಡಿಯ ಪಗಡಿ ಕೈ ಬದಲಾಗುವ ಹಾಗೆ. ಪಗಡಿಯ ಜೊತೆಗೆ ರೋಗಿಗಳೂ ಮಾರಾಟ! ಬೆವನ್ ಈ ವ್ಯಾಪಾರವನ್ನು ನಿಷೇಧಿಸಿ, ಡಾಕ್ಟರುಗಳಿಗೆ 6 ಕೋಟಿ 60 ಲಕ್ಷ ಪೌಂಡು ಪರಿಹಾರವನ್ನೂ ಗೊತ್ತುಮಾಡಿದರು. ಆದರೂ ಅವರ ಸಂಘದ ಹಳೆಯ ಕಾರ್ಯದರ್ಶಿಯೊಬ್ಬರಿಗೆ ಈ ಮಸೂದೆಯಲ್ಲಿ ಹಿಟ್ಲರನ ನೆರಳು ಕಂಡಿತು. ಯುದ್ಧ ಮುಗಿದು ವರ್ಷವಾಗಿರಲಿಲ್ಲ. ಬಡವನ ಮಗುವಿಗೆ ಔಷಧ ಕೊಡುವವನು ಹಿಟ್ಲರನಂತೆ! 1948ರ ಫೆಬ್ರುವರಿಯಲ್ಲಿ ಸಂಘ ತನ್ನ ಸದಸ್ಯರ ಮತ ಕೇಳಿದಾಗ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಈ ಕಾನೂನಿಗೆ ವಿರುದ್ಧ.

ಬೆವನ್ ಈ ಗೋಡೆಯನ್ನು ಎರಡು ಕಡೆಯಿಂದ ಒಡೆದರು. ಊರ ಡಾಕ್ಟರುಗಳಿಗೆ, ನಿಮ್ಮನ್ನು ಪೂರ್ತಿ ಸಂಬಳದ ನೌಕರರನ್ನಾಗಿ ಮಾಡುವುದಿಲ್ಲ ಎಂದು ಕಾನೂನಿನಲ್ಲೇ ಬರೆದುಕೊಡಲು ಒಪ್ಪಿದರು. ದೊಡ್ಡ ಆಸ್ಪತ್ರೆಗಳ ತಜ್ಞರಿಗಂತೂ ಕೈಬಿಚ್ಚಿ ಕೊಟ್ಟರು: ಅರ್ಧ ಹೊತ್ತು ಸರಕಾರಿ ಕೆಲಸ ಮಾಡಿ ಉಳಿದ ಹೊತ್ತು ಖಾಸಗಿ ರೋಗಿಗಳನ್ನು ನೋಡಬಹುದು, ಸರಕಾರಿ ಆಸ್ಪತ್ರೆಯೊಳಗೇ ಹಣ ಕೊಡುವ ರೋಗಿಗಳಿಗೆ ಹಾಸಿಗೆ ಇಡಬಹುದು, ಮೇಲೆ ಯೋಗ್ಯತೆಯ ಹೆಸರಿನಲ್ಲಿ ಭತ್ಯ. ಅವರ ಬಾಯಿಗೆ ಚಿನ್ನ ತುರುಕಿದೆ ಎಂದು ಬೆವನ್ ಹೇಳಿದರೆಂಬ ಮಾತು ಪ್ರಸಿದ್ಧವಾಗಿದೆ. ನಾವು ಇದನ್ನು ಮೆಚ್ಚುವುದಿಲ್ಲ. ಆ ಹಾಸಿಗೆಗಳ ಮೂಲಕ ಹಣವಂತ ಸಾಲು ದಾಟಿ ಮುಂದೆ ಹೋಗುವ ಹಿತ್ತಿಲ ಬಾಗಿಲು ತೆರೆದುಕೊಂಡಿತು. ಆದರೆ ಕೊಟ್ಟದ್ದೇನು, ಕೊಡದೆ ಉಳಿಸಿಕೊಂಡದ್ದೇನು ಎಂಬುದನ್ನು ಎರಡು ತಟ್ಟೆಗಳಲ್ಲಿ ಹಾಕಿ ತೂಗಬೇಕು. ಡಾಕ್ಟರುಗಳಿಗೆ ಹಣ ಕೊಟ್ಟರು, ಸವಲತ್ತು ಕೊಟ್ಟರು. ‘ಉಳ್ಳವರನ್ನು ಹೊರಗಿಡಿ, ಬಡವರಿಗೆ ಮಾತ್ರ ಮಾಡಿ’ ಎಂಬ ಕೂಗಿಗೆ ಮಾತ್ರ ಒಂದು ಅಂಗುಲವನ್ನೂ ಬಿಟ್ಟುಕೊಡಲಿಲ್ಲ. ಬಡವರಿಗೆಂದೇ ಮಾಡಿದ ಆಸ್ಪತ್ರೆಗೆ ಬಲ್ಲಿದರು ಬರುವುದಿಲ್ಲ. ಅವರು ಬಾರದ ಆಸ್ಪತ್ರೆಯ ಸೂರು ಸೋರಿದರೆ ಯಾವ ಅಧಿಕಾರಿಯೂ ತಿರುಗಿ ನೋಡುವುದಿಲ್ಲ. ಇದು ಗಣಿಯಿಂದ ಬಂದವನಿಗೆ ಗೊತ್ತಿತ್ತು.

1948ರ ಜುಲೈ 5ರಂದು ಸೇವೆ ಪ್ರಾರಂಭವಾಯಿತು. ಹಿಂದಿನ ದಿನ ಮ್ಯಾಂಚೆಸ್ಟರಿನ ಸಭೆಯಲ್ಲಿ ಬೆವನ್ ಟೋರಿಗಳನ್ನು ಹೆಗ್ಗಣಗಳಿಗಿಂತ ಕೀಳೆಂದು ಬೈದುಬಿಟ್ಟರು. ವಿರೋಧಿಗಳಿಗೆ ವರ್ಷಗಟ್ಟಲೆ ಅದೇ ಬಡಿಗೆಯಾಯಿತು. ಆ ಮಾತು ಬೇಕಿರಲಿಲ್ಲ, ಅದರ ಹಿಂದಿನ ಉರಿ ನಮಗೆ ಅರ್ಥವಾಗುತ್ತದೆ. ಮೊದಲ ವರ್ಷದಲ್ಲಿಯೇ 50 ಲಕ್ಷಕ್ಕೂ ಹೆಚ್ಚು ಕನ್ನಡಕಗಳು ಹಂಚಿಹೋದವು. ದುಂದುಗಾರಿಕೆ ಎಂದು ಪತ್ರಿಕೆಗಳು ಬೊಬ್ಬಿಟ್ಟವು. ಕಣ್ಣು ಕಾಣದವರು ಅದುವರೆಗೆ ಎಷ್ಟು ಮಂದಿ ಇದ್ದರೆಂಬುದಕ್ಕೆ ಅದು ಲೆಕ್ಕವೆಂದು ಅವರಿಗೆ ಹೊಳೆಯಲಿಲ್ಲ. ಹೆರಿಗೆಯಲ್ಲಿ ಆದ ಗಾಯವನ್ನು ವರ್ಷಗಟ್ಟಲೆ ಸೆರಗಿನೊಳಗೆ ಮುಚ್ಚಿಟ್ಟು ದುಡಿದ ಹೆಂಗಸರು ಮೊದಲ ಬಾರಿಗೆ ಡಾಕ್ಟರ ಮುಂದೆ ಬಂದು ನಿಂತರು. 1911ರ ವಿಮೆ ಹೊರಗಿಟ್ಟಿದ್ದವರು ಇವರೇ.

ಹೊಡೆತ ಬಂದದ್ದು ಮನೆಯೊಳಗಿಂದ. ಕೊರಿಯಾದ ಯುದ್ಧದ ಹೊತ್ತಿನಲ್ಲಿ ಆಟ್ಲಿ ಸರಕಾರ ಮೂರು ವರ್ಷಕ್ಕೆ 470 ಕೋಟಿ ಪೌಂಡು ಮದ್ದುಗುಂಡಿಗೆ ಸುರಿಯಲು ಹೊರಟು, 1951ರ ಬಜೆಟ್ಟಿನಲ್ಲಿ ಕನ್ನಡಕಕ್ಕೂ ಕಟ್ಟುಹಲ್ಲಿಗೂ ರೋಗಿಯಿಂದಲೇ ಅರ್ಧ ಹಣ ವಸೂಲು ಮಾಡಬೇಕೆಂದಿತು. ಆ ವರ್ಷ ಉಳಿಯುತ್ತಿದ್ದುದು 1 ಕೋಟಿ 30 ಲಕ್ಷ ಪೌಂಡು. ಅಷ್ಟು ಸಣ್ಣ ಮೊತ್ತಕ್ಕೆ ಮಂತ್ರಿಪದವಿ ಬಿಡುವುದೇ ಎಂದು ಸ್ನೇಹಿತರು ಕೇಳಿದರು. ಏಪ್ರಿಲಿನಲ್ಲಿ ಬೆವನ್ ರಾಜೀನಾಮೆ ಕೊಟ್ಟರು. ಜೊತೆಗೆ ಹೆರಾಲ್ಡ್ ವಿಲ್ಸನ್, ಜಾನ್ ಫ್ರೀಮನ್ ಹೊರಬಂದರು. ಒಮ್ಮೆ ಬಾಗಿಲಲ್ಲಿ ಗಲ್ಲಾಪೆಟ್ಟಿಗೆ ಇಟ್ಟರೆ ಅದು ಎದ್ದು ಹೋಗುವುದಿಲ್ಲ ಎಂಬ ಅವರ ಅಂಜಿಕೆ ಸುಳ್ಳಾಯಿತೇ? 1952ರಲ್ಲಿ ಟೋರಿಗಳು ಔಷಧಚೀಟಿಗೆ ಒಂದು ಶಿಲ್ಲಿಂಗ್ ಹಾಕಿದರು. 1965ರಲ್ಲಿ ಪ್ರಧಾನಿಯಾಗಿ ಅದನ್ನು ತೆಗೆದ ಅದೇ ವಿಲ್ಸನ್ನರು 1968ರಲ್ಲಿ ಮತ್ತೆ ಹೇರಿದರು. ವೇಲ್ಸ್ 2007ರಲ್ಲಿ ಅದನ್ನು ಕಿತ್ತುಹಾಕಿತು. ಇಂಗ್ಲೆಂಡಿನಲ್ಲಿ ಇನ್ನೂ ಇದೆ.

ಬೊಕ್ಕಸ ಬರಿದಾಯಿತೇ ಎಂಬುದಕ್ಕೂ ಉತ್ತರವಿದೆ. ದುಂದನ್ನು ಹಿಡಿದು ತೋರಿಸಲೆಂದು ಟೋರಿ ಸರಕಾರವೇ 1953ರಲ್ಲಿ ಗಿಲ್ಬೋ ಸಮಿತಿಯನ್ನು ನೇಮಿಸಿತು. 1956ರಲ್ಲಿ ಅದು ಕೊಟ್ಟ ಲೆಕ್ಕದ ಪ್ರಕಾರ, ರಾಷ್ಟ್ರೀಯ ಆದಾಯದಲ್ಲಿ ಆರೋಗ್ಯಸೇವೆಯ ಪಾಲು ನಾಲ್ಕು ವರ್ಷಗಳಲ್ಲಿ ನೂರಕ್ಕೆ 3.75ರಿಂದ 3.25ಕ್ಕೆ ಇಳಿದಿತ್ತು! ಇಂದು ಅಲ್ಲಿ ಕಾಯುವವರ ಸಾಲು ಉದ್ದವಾಗಿದೆ, 2022ರಲ್ಲಿ ಇಂಗ್ಲೆಂಡ್ ಒಂದರಲ್ಲೇ ಅದು 70 ಲಕ್ಷ ದಾಟಿತು ಎಂದು ನಮ್ಮ ಖಾಸಗಿ ಆಸ್ಪತ್ರೆಯ ಧಣಿಗಳು ಬೆರಳು ತೋರಿಸುತ್ತಾರೆ. ನಿಜ, ಖರ್ಚಿಗೆ ಕೈ ಬಿಗಿಹಿಡಿದ ಸರಕಾರಗಳ ಪಾಪ ಅದರಲ್ಲಿದೆ. ಆದರೆ ಸಾಲಿನಲ್ಲಿ ನಿಂತವನನ್ನು ಎಣಿಸಬಹುದು. ಹಣವಿಲ್ಲವೆಂದು ಮನೆಯಲ್ಲೇ ಮಲಗಿದ ನಮ್ಮವನು ಯಾರ ಎಣಿಕೆಯಲ್ಲಿದ್ದಾನೆ?

ಬೆವನ್ನರ ಸೇವೆ ಪ್ರಾರಂಭವಾದ 1948ರಲ್ಲಿಯೇ ದಿಲ್ಲಿಯಲ್ಲಿ ಇಎಸ್‌ಐ ಕಾನೂನು ಪಾಸಾಯಿತು. ಅದನ್ನು ನಾವು ಹಳಿಯುವುದಿಲ್ಲ. ಕಾರ್ಮಿಕ ಹೋರಾಡಿ ಉಳಿಸಿಕೊಂಡ ಹಕ್ಕು ಅದು, ಹೆಂಡತಿ ಮಕ್ಕಳೂ ಅದರಲ್ಲಿ ಸೇರಿದ್ದಾರೆ. ಆದರೆ ಅದರ ಅಡಿಪಾಯ ಲಾಯ್ಡ್ ಜಾರ್ಜರದು. ಕೆಲಸವಿದ್ದವನಿಗೆ ಉಂಟು, ಗಿರಣಿಗೆ ಬೀಗ ಬಿದ್ದರೆ ಕಾರ್ಡಿಗೂ ಬೀಗ. ಗಿರಣಿಯ ಗೇಟಿನೆದುರು ಚಹದಂಗಡಿ ಇಟ್ಟವನಿಗೆ ಎಂದೂ ಇಲ್ಲ. ಅವನಿಗೆಂದು 2018ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಮತ್ತೆ ಕಾರ್ಡನ್ನೇ ಕೇಳಿತು: ಬಿಪಿಎಲ್ ಕಾರ್ಡಿದ್ದ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ವರೆಗೆ ಚಿಕಿತ್ಸೆ, ಇಲ್ಲದವರಿಗೆ ಸರಕಾರ ಗೊತ್ತುಮಾಡಿದ ದರದಲ್ಲಿ ನೂರಕ್ಕೆ 30 ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ಉಳಿದ 70ಕ್ಕೆ ಅವನು ಅಂಗಡಿ ಮಾರಬೇಕು. ಮಾರಿದ ಮೇಲೆ ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕಬಹುದು. ಹೀಗೆ ಕಾರ್ಮಿಕನ ಕೈಯಲ್ಲಿ ಒಂದು ಚೀಟಿ, ಕಡುಬಡವನ ಕೈಯಲ್ಲಿ ಇನ್ನೊಂದು, ವರ್ತಕನ ಕೈ ಖಾಲಿ. ಮೂವರೂ ಒಬ್ಬರ ಕೈಯನ್ನು ಒಬ್ಬರು ನೋಡಿ ಕರುಬುತ್ತ ಕೂತಿದ್ದಾರೆ.

ಮುಂದಿನ ಸಲ ಓಟು ಕೇಳಲು ಬಂದು ಹೊಸದೊಂದು ಕಾರ್ಡಿನ ಮಾತು ತೆಗೆದವರನ್ನು, ಅವರು ಯಾವ ಪಕ್ಷದವರೇ ಆಗಲಿ, ನಮ್ಮ ಪಕ್ಷದವರೇ ಆಗಲಿ, ಗಿರಣಿಯವರೂ ಪೇಟೆಯವರೂ ಕೂಡಿ ನಿಲ್ಲಿಸಿ ಕೇಳಬೇಕು: ಜಿಲ್ಲಾ ಆಸ್ಪತ್ರೆಯಲ್ಲಿ ಕಾರ್ಡು ಕೇಳದೆ ಎಲ್ಲರಿಗೂ ಚಿಕಿತ್ಸೆ ಎಂದು? ನಿಮ್ಮ ಮನೆಯವರಿಗೆ ಜ್ವರ ಬಂದರೆ ಅವರನ್ನು ಮಲಗಿಸುವುದು ಆ ಆಸ್ಪತ್ರೆಯಲ್ಲೋ, ಬೇರೆಲ್ಲೋ?