ಮಗುವಿನ ಹರ್ನಿಯಾ: ರಂಧ್ರದ ಲೆಕ್ಕವಷ್ಟೇ ಸಾಕೇ?

ಮಗುವಿಗೆ ತೊಡೆಸಂದಿನ ಹರ್ನಿಯಾ ಇದೆಯೆಂದು ತಿಳಿದ ಕೂಡಲೇ ಪಾಲಕರು ಈಗ ಕೇಳುವ ಮೊದಲ ಪ್ರಶ್ನೆ, 'ಲ್ಯಾಪರೊಸ್ಕೋಪಿಯಲ್ಲಿ ಮಾಡುತ್ತೀರಾ?' ಎಂಬುದು. ಮಕ್ಕಳ ಶಸ್ತ್ರಚಿಕಿತ್ಸಕನಾದ ನನಗೆ ಅದರಲ್ಲಿ ತಪ್ಪೇನೂ ಕಾಣದು. ಆದರೆ ಅದರ ಹಿಂದಿರುವ ನಂಬಿಕೆ ವಯಸ್ಕರ ಚಿಕಿತ್ಸೆಯಿಂದ ಎರವಲು ತಂದದ್ದು.

ವಯಸ್ಕರಲ್ಲಿ ಹೊಟ್ಟೆಯ ಗೋಡೆಯೇ ದುರ್ಬಲಗೊಂಡಿರುವುದರಿಂದ ಸಾಮಾನ್ಯವಾಗಿ ಜಾಲರಿಯ ಆಸರೆ ಬೇಕಾಗುತ್ತದೆ. ಮಗುವಿನಲ್ಲಿ ಹಾಗಲ್ಲ. ಹುಟ್ಟುವ ಹೊತ್ತಿಗೆ ಮುಚ್ಚಿಕೊಳ್ಳಬೇಕಿದ್ದ ಉದರಪೊರೆಯ ಚೀಲವೊಂದು ತೆರೆದೇ ಉಳಿದಿರುತ್ತದೆ, ಅಷ್ಟೆ. ಅದರ ಬುಡವನ್ನು ಕಟ್ಟಿದರೆ ಕೆಲಸ ಮುಗಿಯಿತು. ಅದಕ್ಕೆ ಚರ್ಮದ ಮಡಿಕೆಯಲ್ಲಿ ಒಂದೆರಡು ಸೆಂಟಿಮೀಟರ್ ಕೊಯ್ತ ಸಾಕು. ಹಳೆಯ ಪದ್ಧತಿಯೂ 'ಕನಿಷ್ಠ ಗಾಯ'ದ್ದೇ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಇನ್ನು ಲ್ಯಾಪರೊಸ್ಕೋಪಿ ಎಂಬುದೂ ಒಂದೇ ವಿಧಾನವಲ್ಲ. ಹೊಕ್ಕುಳಲ್ಲಿ ಕ್ಯಾಮೆರಾ, ಅಕ್ಕಪಕ್ಕ ಎರಡು ಉಪಕರಣಗಳನ್ನಿಟ್ಟು ಹೊಟ್ಟೆಯೊಳಗೇ ಹೊಲಿಗೆ ಹಾಕುವುದು ಒಂದು ಬಗೆ. ಚರ್ಮದ ಮೇಲಿನಿಂದಲೇ ಸೂಜಿಯಿಳಿಸಿ, ಚೀಲದ ಬಾಯಿಯ ಸುತ್ತ ದಾರ ಹಾಯಿಸಿ ಕಟ್ಟುವುದು ಇನ್ನೊಂದು. ಇದಕ್ಕೆಂದೇ ರೂಪಿಸಿದ ವಿಶೇಷ ಸೂಜಿಯಿಂದ ಮಾಡಿದ 972 ದುರಸ್ತಿಗಳ ವರದಿಯನ್ನು ಜಪಾನಿನ ತಕೆಹರಾ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದರು. ಅದೇ ವರ್ಷ ಪೋಲೆಂಡಿನ ಪಟ್ಕೊವ್‌ಸ್ಕಿ, ಸಾಧಾರಣ ಇಂಜೆಕ್ಷನ್ ಸೂಜಿಯಿಂದಲೇ ಇದು ಸಾಧ್ಯವೆಂದು ತೋರಿಸಿದರು. ದುಬಾರಿ ಸಲಕರಣೆ ಬೇಡದ ಈ ಜಾಣ್ಮೆ ನನಗೆ ಬಹಳ ಹಿಡಿಸಿದೆ. ನಮ್ಮಂಥ ದೇಶಕ್ಕೆ ಹೊಂದುವಂಥದ್ದು. ಆದರೆ ಗಂಡುಮಕ್ಕಳಲ್ಲಿ ಸೂಜಿಯ ದಾರಿಯಲ್ಲೇ ವೀರ್ಯನಾಳವೂ ವೃಷಣದ ರಕ್ತನಾಳಗಳೂ ಇವೆ. ತೀರ ಹತ್ತಿರ ಹೋದರೆ ಅವಕ್ಕೆ ಅಪಾಯ. ಹೆದರಿ ದೂರ ಸರಿದರೆ ಅಲ್ಲೊಂದು ಸಂದು ಉಳಿದು ಹರ್ನಿಯಾ ಮರುಕಳಿಸಬಹುದು. ಹೆಣ್ಣುಮಕ್ಕಳಲ್ಲಿ ಈ ಇಕ್ಕಟ್ಟಿಲ್ಲ. ಆದ್ದರಿಂದ ಹೆಣ್ಣುಮಕ್ಕಳಿಗೆ, ಎರಡೂ ಕಡೆ ಹರ್ನಿಯಾ ಇದ್ದವರಿಗೆ, ತೆರೆದ ಶಸ್ತ್ರಕ್ರಿಯೆಯ ನಂತರ ಮರುಕಳಿಸಿದವರಿಗೆ ನನ್ನ ಒಲವು ಕ್ಯಾಮೆರಾದ ಕಡೆಗೆ. ಒಂದೇ ಕಡೆ ಹರ್ನಿಯಾ ಇರುವ ಗಂಡುಮಗುವಿಗೆ, ನುರಿತ ಕೈಯಲ್ಲಿ, ಹಳೆಯ ಕೊಯ್ತ ಕಡಿಮೆಯದೇನೂ ಅಲ್ಲ. ಅವಧಿಗೆ ಮುನ್ನ ಹುಟ್ಟಿದ ಪುಟ್ಟ ಶಿಶುವಿಗೆ ಬೆನ್ನುಹುರಿಯ ಅರಿವಳಿಕೆಯಲ್ಲೂ ಅದನ್ನು ಮಾಡಬಹುದು. ಲ್ಯಾಪರೊಸ್ಕೋಪಿಗೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು.

ಕ್ಯಾಮೆರಾ ಇನ್ನೊಂದು ಬದಿಯನ್ನೂ ತೋರಿಸುತ್ತದೆ. ಅದು ವರವೆಂದು ಹೇಳುವವರುಂಟು. ಆದರೆ ಅಲ್ಲಿ ಕಾಣುವ ತೆರೆದ ಬಾಯಿಗಳಲ್ಲಿ ಹೆಚ್ಚಿನವು ಎಂದೂ ಹರ್ನಿಯಾ ಆಗುವುದಿಲ್ಲ. ಕಂಡದ್ದನ್ನೆಲ್ಲ ಹೊಲಿಯುವಿರಾ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನವೇ ಕೇಳಿ. ನೀವು ಇಂಥ ಎಷ್ಟು ಶಸ್ತ್ರಕ್ರಿಯೆ ಮಾಡಿದ್ದೀರಿ, ಎಷ್ಟು ಮರುಕಳಿಸಿವೆ ಎಂದೂ ಕೇಳಿ. ಇದಕ್ಕೆ ಮುನಿಸಿಕೊಳ್ಳುವ ವೈದ್ಯರಿಗಿಂತ ಉತ್ತರಿಸುವವರು ಲೇಸು.

ಲ್ಯಾಪರೊಸ್ಕೋಪಿಗೆ ಹಣ ಕೂಡಿಬರಲೆಂದು ತಿಂಗಳುಗಟ್ಟಲೆ ಕಾಯುವುದು ಮಾತ್ರ ಬೇಡ. ಕರುಳು ಚೀಲದೊಳಗೆ ಸಿಕ್ಕಿಕೊಳ್ಳುವ ಅಪಾಯ ಮೊದಲ ವರ್ಷದಲ್ಲೇ ಹೆಚ್ಚು. ಉಬ್ಬು ಗಟ್ಟಿಯಾಗಿ, ಒಳಸರಿಯದೆ, ಮಗು ಅಳುತ್ತ ವಾಂತಿ ಮಾಡತೊಡಗಿದರೆ ಬೆಳಗಾಗುವವರೆಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಧಾವಿಸಿ.